ಸಯಾಮಿನ ಮಾಯಮ್ಮ ಮಡಗಿದ ತಟ್ಟೆ

ಮಂಡ್ಯದಲ್ಲಿ ನಮ್ಮ ಹಿತ್ತಲ ಬೇಲಿಯಾಚೆ ಇದ್ದ ಮಾಯಮ್ಮನ ತವರು ಸಯಾಮ್ ದೇಶ. ಪೂರಿಗಾಲಿಯ ಮರಿಸಿದ್ದಯ್ಯ ಬ್ಯಾಂಕಾಕಿನ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು, ಇಲ್ಲಿ ಸಕ್ಕರೆ ಕಾರ್ಖಾನೆ ಶುರುವಾದಾಗ ಹೆಂಡತಿಯನ್ನೂ ನಾಲ್ಕು ವರ್ಷದ ಮಗಳನ್ನೂ ಕರೆದುಕೊಂಡು ವಾಪಸು ಬಂದ. ಹೆಂಡತಿಯ ಹೆಸರಿಗೆ ಅವಳ ಅತ್ತೆಯ ನಾಲಿಗೆ ಹೊರಳಲಿಲ್ಲ; ಮಾಯಮ್ಮ ಎಂದು ಕರೆದಳು, ಅದೇ ನಿಂತಿತು. ಬಂದ ವರ್ಷವೇ ಮಗಳು ಚಳಿಜ್ವರದಲ್ಲಿ ತೀರಿಕೊಂಡಳು. ಇಷ್ಟನ್ನು ನನಗೆ ಹೇಳಿದವಳು ಹಾಲಿನ ಅಂಕಮ್ಮ. ಮೈಸೂರಿನಲ್ಲಿ ಓದಿ ಬೆಳೆದು, ಮೇಷ್ಟರಾದ ಗಂಡನ ಹಿಂದೆ ಎರಡು ವರ್ಷದ ರುಕ್ಕುವನ್ನು ಎತ್ತಿಕೊಂಡು ಆ ಊರಿಗೆ ಬಂದಿದ್ದ ನನ್ನ ಕಿವಿಯಲ್ಲಿ ಆ ಕೊನೆಯ ಮಾತೊಂದೇ ಉಳಿಯಿತು.

ಮಾಯಮ್ಮ ಗಂಡನಿಗೆ ಮುದ್ದೆ ಕಟ್ಟಿಟ್ಟು, ಆಮೇಲೆ ತನ್ನ ದೇಶದ ಅಡಿಗೆಗೆ ಕೂರುತ್ತಿದ್ದಳು. ಅಲ್ಲಿ ಸಿಗುವುದು ಇಲ್ಲಿ ಸಿಗದು. ಬೇಲಿಯ ನಿಂಬೆ ಘಮದ ಮಜ್ಜಿಗೆ ಹುಲ್ಲು, ಹೇರಳೆ ಗಿಡದ ಎಲೆ, ಅಂಗಡಿಯಲ್ಲಿ ಕೆಮ್ಮಿಗೆಂದು ಮಾರುವ ದುಂಪರಾಸ್ಮೆ ಬೇರು, ಇವನ್ನೇ ಜಜ್ಜಿ ತೆಂಗಿನ ಹಾಲಿಗೆ ಹಾಕುವಳು. ನಾಲೆಯ ಮೀನನ್ನು ಉಪ್ಪಿನಲ್ಲಿ ಗಡಿಗೆ ತುಂಬಿ, ತಿಂಗಳುಗಟ್ಟಲೆ ಬಿಟ್ಟು ರಸ ತೆಗೆಯುವಳು. ಆ ಗಡಿಗೆ ತೆರೆದ ದಿನ ನಮ್ಮತ್ತೆ ಪಂಕಜಮ್ಮನವರು ಕಿಟಕಿಗಳನ್ನೆಲ್ಲ ಮುಚ್ಚಿ ಎರಡನೇ ಸಲ ಸ್ನಾನ ಮಾಡುತ್ತಿದ್ದರು.

ಮಾಯಮ್ಮನ ಹಿತ್ತಲಲ್ಲಿ ಎದೆಯೆತ್ತರದ ಕಂಬ, ಅದರ ಮೇಲೆ ಪಾರಿವಾಳದ ಗೂಡಿನಷ್ಟು ದೊಡ್ಡ ಮರದ ಮನೆ. ಅಡಿಗೆ ಆದ ಕೂಡಲೇ ಅಲ್ಲಿಗೆ ಒಂದು ಪುಟ್ಟ ತಟ್ಟೆ, ಒಂದು ಊದಿನಕಡ್ಡಿ. ಕಾಗೆಗಳು ನಮ್ಮ ಸೂರಿನ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಆ ತಟ್ಟೆಗೆ ಒಂದೂ ಇಳಿದದ್ದನ್ನು ನಾನು ನೋಡಲಿಲ್ಲ.

ಮೂವತ್ತಾರನೇ ಇಸವಿಯ ಕಾರ್ತೀಕದಲ್ಲಿ ರುಕ್ಕುವಿಗೂ ಚಳಿಜ್ವರ ಬಂತು. ಕ್ವಿನೈನಿಗೆ ಜ್ವರ ಬಿಟ್ಟಿತು, ಊಟ ಮಾತ್ರ ಹತ್ತಲಿಲ್ಲ. ತುತ್ತು ಕಂಡರೆ ಹಲ್ಲು ಕಚ್ಚುವಳು. ರಾತ್ರಿ ಹತ್ತು ಸಲ ಅವಳ ಪಕ್ಕೆಲುಬು ಸವರಿ ನೋಡುತ್ತಿದ್ದೆ. ಹದಿನೈದು ದಿನ ಕಳೆದರೂ ಮಗು ಸೊರಗಲಿಲ್ಲ. ಸಮಾಧಾನವಾಗಬೇಕಿತ್ತು; ನನಗೆ ಭಯವಾಯಿತು. ಅವಳ ಬಾಯಲ್ಲಿ ತೆಂಗಿನ ಹಾಲಿನ ವಾಸನೆ ಇರುತ್ತಿತ್ತು.

ಒಂದು ಮಂಗಳವಾರ ಮಟಮಟ ಮಧ್ಯಾಹ್ನ ಬೇಲಿಯ ಕಿಂಡಿಯಲ್ಲಿ ಅವಳು ನುಸುಳುವುದು ಕಂಡು ಹಿಂದೆಯೇ ಹೋದೆ. ಮಾಯಮ್ಮನ ಬಾಗಿಲಿಗೆ ಬೀಗ. ಗಾಳಿಯಿರಲಿಲ್ಲ, ಆದರೂ ಆಚೆಯ ಕಬ್ಬಿನ ಗದ್ದೆಯಲ್ಲಿ ಒಂದು ಸಾಲು ಮಾತ್ರ ಅಲುಗುತ್ತಿತ್ತು. ರುಕ್ಕು ಕಂಬದ ಬುಡದಲ್ಲಿ ಕಾಲು ಚಾಚಿ ಕೂತಿದ್ದಳು. ಅವಳ ಕೈ ಎಟುಕದ ಎತ್ತರದಲ್ಲಿರಬೇಕಾದ ತಟ್ಟೆ ಅವಳ ಮುಂದೆ ನೆಲದ ಮೇಲಿತ್ತು. ಎಡಕ್ಕೆ ತಿರುಗಿ ಬಾಯಿ ತೆರೆದಳು, ಮುಚ್ಚಿದಳು, ಅಗಿದಳು. ಎರಡು ಕೈಯೂ ಮಡಿಲಲ್ಲಿದ್ದವು.

"ಯಾರೇ ಪುಟ್ಟಿ ಉಣಿಸಿದ್ದು?"

"ಅಕ್ಕ."

ಸಂಜೆ ಮಾಯಮ್ಮ ಬರುವುದನ್ನೇ ಕಾದು ಬೇಲಿಗೆ ಹೋಗಿ ನಿಂತೆ. "ಸತ್ತ ಮಗಳಿಗೆ ಇಟ್ಟ ಎಡೆಯನ್ನ ನನ್ನ ಮಗುವಿಗೆ ತಿನ್ನಿಸ್ತೀಯಾ ನೀನು?"

"ಎಡೆಯಲ್ಲ ಕಣಮ್ಮಾವ್ರೆ," ಎಂದಳು. ಗಂಡನ ಮನೆಯಲ್ಲಿ ಕಲಿತ ಕನ್ನಡ, ಪೂರಿಗಾಲಿಯದೇ. "ಅದು ಈ ಜಾಗದ ಒಡೆಯಂಗೆ ಮಡಗೋದು. ಕಡ್ಡಿ ಆರುದ್ ಮ್ಯಾಲೆ ಕೇಳ್ಕಂಡು ಇಳ್ಸಿ ಮಕ್ಳಿಗೆ ಕೊಡದು ನಮ್ ಕಡೆ ಪದ್ಧತಿ. ಆದ್ರೆ ನಾನಿವತ್ತು ಮದ್ದೂರು ಸಂತೇಲಿದ್ದೆ. ಇಳ್ಸಿದ್ದು ನಾನಲ್ಲ." ಕಬ್ಬಿನ ಕಡೆ ನೋಡಿದಳು. "ನಮ್ಮೆಣ್ಣಿಗೆ ಮೊದ್ಲಿಂದ್ಲೂ ಹಂಗೇಯ. ತಾನುಣ್ಣೋಕ್ ಮುಂಚೆ ಚಿಕ್ಕವಕ್ಕೆ ಉಣ್ಸದು."

ಒಳಗೋಡಿ ಅತ್ತೆಗೆ ಹೇಳಿದೆ. ಅತ್ತೆ ಮಗನಿಗೆ ಹೇಳಿದರು, ಅವರು ಮರಿಸಿದ್ದಯ್ಯನಿಗೆ ಹೇಳಿದರು. ಮರುದಿನ ಬೆಳಿಗ್ಗೆ ಅವನು ಕಂಬ ಕಿತ್ತುಹಾಕಿದ.

ಆಮೇಲೆ ನಾಲ್ಕು ದಿನ ರುಕ್ಕು ಒಂದು ಅಗುಳೂ ನುಂಗಲಿಲ್ಲ. ಕಣ್ಣು ಗುಳಿಬಿದ್ದವು. "ಹೊಟ್ಟೆಗೆ ಏನಾದರೂ ಹೋಗದಿದ್ದರೆ ನನ್ನ ಔಷಧಿಯಿಂದ ಏನೂ ಆಗಲ್ಲಮ್ಮ," ಎಂದರು ಡಾಕ್ಟರು. ಐದನೇ ದಿನ ಅತ್ತೆ ಜಪಕ್ಕೆ ಕೂತ ಹೊತ್ತಿನಲ್ಲಿ ನಾನೇ ಕಿಂಡಿಯಲ್ಲಿ ನುಸುಳಿದೆ. ಸೆರಗು ಮುಳ್ಳಿಗೆ ಸಿಕ್ಕಿ ಹರಿಯಿತು.

"ಮಾಯಮ್ಮ, ಏನಾದರೂ ಮಾಡಿಕೊಡಿ."

"ನಾ ಮಾಡುದ್ರೆ ನಿಮ್ಮತ್ತೆ ಬಾವಿ ನೀರೆಲ್ಲ ಖಾಲಿ ಮಾಡ್ತಾರೆ ಬುಡಿ. ನೀವೇ ಮಾಡಿ. ಮೀನ್ ಬ್ಯಾಡ. ನಾನಿಲ್ಲಿಂದ್ಲೇ ಯೋಳ್ತೀನಿ."

ಬೇಲಿಯಾಚೆ ನಿಂತು ಆಕೆ ಹೇಳಿದಳು, ನಾನು ನಮ್ಮ ಹಿತ್ತಲ ಒಲೆಯಲ್ಲಿ ಮಾಡಿದೆ. ಅಕ್ಕಿಯನ್ನು ಕರಗುವಷ್ಟು ಬೇಯಿಸಿ, ತೆಂಗಿನ ಎರಡನೇ ಹಾಲು ಮೊದಲು, ಗಟ್ಟಿ ಹಾಲು ಕೊನೆಗೆ. "ಕುದೀಬಾರ್ದು! ಒಡೀತದೆ! ಇಸ್ಕೂಲ್ನಲ್ಲಿ ಇದ್ನ ಕಲಿಸ್ನಿಲ್ವಾ?" ಮಜ್ಜಿಗೆ ಹುಲ್ಲು ಗಂಟು ಕಟ್ಟಿ ಹಾಕಿದೆ. ಚೂರು ಬೆಲ್ಲ, ಅದಕ್ಕಿಂತ ಚೂರು ಹೆಚ್ಚು ಉಪ್ಪು.

ಕಂಬ ಕಿತ್ತ ಗುಂಡಿಯ ಪಕ್ಕ ತಟ್ಟೆ ಇಟ್ಟು, ಊದಿನಕಡ್ಡಿ ಹಚ್ಚಿ, ರುಕ್ಕುವನ್ನು ಕೂರಿಸಿದೆ. ಕಡ್ಡಿ ಆರಿತು. ನಾನು ತುತ್ತು ಹಿಡಿದೆ. ಅವಳು ಕೈ ತಳ್ಳಿದಳು. "ನೀ ಬೇಡ."

"ಅತ್ಲಾಗ್ ತಿರುಗ್ಬುಡಿ, ಅಮ್ಮಾವ್ರೆ," ಎಂದಳು ಮಾಯಮ್ಮ. ಅವಳೂ ಗೋಡೆಗೆ ಮುಖ ಮಾಡಿದ್ದಳು.

ತಿರುಗಿದೆ. ಬೆನ್ನ ಹಿಂದೆ ತಟ್ಟೆ ನೆಲಕ್ಕೆ ಉಜ್ಜಿದ ಸದ್ದು, ಅಗಿಯುವ ಸದ್ದು. ಆಮೇಲೆ ನನ್ನ ಮಗುವಿನ ನಗು. ನಾನು ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ಮಗುವನ್ನು ತಡೆಯಲಿಲ್ಲ.

ಒಂದು ವರ್ಷ ಹಾಗೆಯೇ ನಡೆಯಿತು. ರುಕ್ಕು ಗುಂಡಗಾದಳು. ಕಂಬವನ್ನು ಮರಿಸಿದ್ದಯ್ಯ ಮತ್ತೆ ನೆಟ್ಟ. ನಮ್ಮತ್ತೆ ನೋಡಿಯೂ ನೋಡದ ಹಾಗಿದ್ದರು. ಅಷ್ಟರಲ್ಲಿ ನಮ್ಮ ಮನೆಯವರಿಗೆ ಮಳವಳ್ಳಿಗೆ ವರ್ಗವಾಯಿತು. ಸಾಮಾನು ಗಾಡಿಗೇರಿಸಿದ ದಿನ ಮಾಯಮ್ಮ ಬೇಲಿಯ ಬಳಿ ನನ್ನ ಕೈ ಹಿಡಿದಳು.

"ಒಂದು ಯೋಳ್ತೀನಿ, ನಡೆಸ್ಕೊಡಿ. ಗಾಡಿ ಅತ್ತೋವಾಗ ನಿಮ್ಮೆಣ್ಣ ಎಸ್ರು ಯೋಳಿ ಕೂಗಿ. ಬರೀ 'ಬಾ ಕಂದ' ಅನ್ಬ್ಯಾಡಿ. ಎರಡು ಮಕ್ಳೂ ಗಾಡಿ ಅತ್ಬುಡ್ತವೆ. ನಂಗಿರೋದು ಅದೊಂದೇಯ."

"ರುಕ್ಮಿಣೀ," ಎಂದು ಕೂಗಿದೆ. ರುಕ್ಕು ಓಡಿ ಬಂದು ಹತ್ತಿದಳು. ಹತ್ತಿದವಳು ತನ್ನ ಎಡಕ್ಕೆ ಒಂದಿಷ್ಟು ಜಾಗ ಬಿಟ್ಟು ಕೂತು, ಹಿತ್ತಲ ಕಡೆ ನೋಡಿ ಕೈ ಚಾಚಿದಳು. ನಾನು ಆ ಜಾಗದಲ್ಲಿ ಕೂತು ಅವಳ ಬಾಯಿ ಮುಚ್ಚಿದೆ. ನಾಲೆ ದಾಟುವವರೆಗೂ ಅವಳು ನನ್ನ ಅಂಗೈಯೊಳಗೆ ಯಾರನ್ನೋ ಕರೆಯುತ್ತಲೇ ಇದ್ದಳು.