ಅಕ್ಕನ ನರದ ಬಾಗಿಲುಗಳು

ಕಳೆದ ಶನಿವಾರ ತೂಬಗೆರೆಯಿಂದ ದೊಡ್ಡಬಳ್ಳಾಪುರಕ್ಕೆ ಹೊರಟ ಬಸ್ಸಿನಲ್ಲಿ ಯಾರೋ ಕಿಟಕಿ ಸರಿಸಿದರು. ಒಂದಿಷ್ಟು ಗಾಳಿ ಒಳಗೆ ಬಂತು. ಪಕ್ಕದಲ್ಲಿದ್ದ ನನ್ನ ಅಕ್ಕ ಚೀರಿದಳು.

ಇಡೀ ಬಸ್ಸು ತಿರುಗಿ ನೋಡಿತು. ಗಾಳಿಗೆ ಯಾರಾದರೂ ಚೀರುತ್ತಾರಾ?

ಚೀರುತ್ತಾರೆ. ಎರಡು ವರ್ಷದಿಂದ ಅಕ್ಕನ ಬಲಗೆನ್ನೆಯ ನರ ಕೆಟ್ಟಿದೆ. ಗಾಳಿ ಸೋಕಿದರೆ, ಹಲ್ಲುಜ್ಜಿದರೆ, ಮಾತಾಡಿದರೆ ಕರೆಂಟ್ ಹೊಡೆದಂಥ ನೋವು. ಮೂವತ್ತು ವರ್ಷ ಅಂಗನವಾಡಿ ಟೀಚರ್ ಆಗಿದ್ದವಳು. (ಮನೆಯಲ್ಲಿ ಅವಳ ಬಾಯಿ ಮುಚ್ಚಿಸುವುದೇ ನಮಗೆ ದೊಡ್ಡ ಕೆಲಸವಾಗಿತ್ತು!) ಈಗ ಫೋನ್ ಮಾಡಿದರೆ ಬರೀ "ಹೂಂ". ಅವಳ ಹರಟೆಗಾಗಿ ನಾನು ಎಷ್ಟು ಹಂಬಲಿಸುತ್ತೇನೆಂದು ಅವಳಿಗೆ ಹೇಳಿಲ್ಲ. ಹೇಳಿದರೆ ಉತ್ತರ ಕೊಡಬೇಕಲ್ಲ, ಪಾಪ.

ಮಾತ್ರೆ ಇದೆ. ಆದರೆ ಮಧ್ಯಾಹ್ನದ್ದನ್ನು ಕದ್ದುಮುಚ್ಚಿ ಬಿಡುತ್ತಿದ್ದಾಳೆಂದು ಹೋದ ವಾರ ಗೊತ್ತಾಯಿತು. ಅದಕ್ಕೇ ಅವತ್ತು ಡಾಕ್ಟರ ಬಳಿ ಎಳೆದೊಯ್ದಿದ್ದು.

"ಯಾಕಮ್ಮ ಬಿಟ್ರಿ?" ಡಾಕ್ಟರು ಕೇಳಿದರು.

ಅಕ್ಕ ತುಟಿ ಹೆಚ್ಚು ಅಲುಗದಂತೆ ಹೇಳಿದಳು: "ಆ ಹೊತ್ತಿಗೆ ಮೊಮ್ಮಗಳು ಸ್ಕೂಲಿಂದ ಬರ್ತಾಳೆ. ಮಾತ್ರೆ ತಗೊಂಡ್ರೆ ನೋವಿರಲ್ಲ ಸಾರ್. ನಾನೂ ಇರಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು.

"ನೋಡಿಮ್ಮ, ನರದ ತುಂಬಾ ಕಣ್ಣಿಗೆ ಕಾಣದ ಪುಟ್ಟ ಬಾಗಿಲುಗಳಿರ್ತವೆ. ಅಯಾನ್ ಚಾನೆಲ್ ಅಂತೀವಿ. ಅವುಗಳಿಂದ ಸೋಡಿಯಂ ಒಳಗೆ ನುಗ್ಗಿದ್ರೆ ನರ ಸುದ್ದಿ ಕಳಿಸುತ್ತೆ. ನಿಮ್ಮ ನರ ಸುಮ್‌ಸುಮ್ನೆ ನೋವಿನ ಸುದ್ದಿ ಕಳಿಸ್ತಿದೆ."

"ಸೋಡಿಯಂ ಅಂದ್ರೆ ಉಪ್ಪಲ್ವಾ? ಉಪ್ಪು ಬಿಡ್ಲಾ?"

"ಅಯ್ಯೋ, ಬೇಡಮ್ಮ!" ಡಾಕ್ಟರು ನಕ್ಕರು. "ಈ ಮಾತ್ರೆ ಆ ಬಾಗಿಲಿಗೆ ಅಡ್ಡ ನಿಲ್ಲುತ್ತೆ. ಆದ್ರೆ ಮಿದುಳಲ್ಲೂ ಅಂಥ ಬಾಗಿಲುಗಳಿವೆ. ಅಲ್ಲೂ ಅಡ್ಡ ನಿಲ್ಲುತ್ತೆ. ಅದಕ್ಕೇ ಮಂಪರು."

ನೋವಿನ ನರದ ಬಾಗಿಲನ್ನಷ್ಟೇ ಮುಚ್ಚುವ ಔಷಧಿಗಳನ್ನು ಹುಡುಕುತ್ತಿದ್ದಾರಂತೆ. ಬೇರೆ ಥರದ ನೋವಿಗೆ ಹೊರದೇಶದಲ್ಲಿ ಅಂಥ ಒಂದು ಔಷಧಿ ಬಂದೂ ಇದೆಯಂತೆ. ಅಕ್ಕನ ಕಾಯಿಲೆಗೆ ಅಂಥ ಔಷಧಿಗಳ ಪರೀಕ್ಷೆ ಇನ್ನೂ ನಡೆಯುತ್ತಿದೆ.

"ಯಾವಾಗ ಬರುತ್ತೆ ಸಾರ್?" ತಡೆಯಲಾರದೆ ನಾನೇ ಕೇಳಿದೆ.

"ಹೇಳಕ್ಕಾಗಲ್ಲ."

ಮಧ್ಯಾಹ್ನದ ಡೋಸ್ ಕಡಿಮೆ ಮಾಡಿ, ರಾತ್ರಿಯದ್ದು ಹೆಚ್ಚಿಸಿದರು. ನೀವಾಗಿ ಬಿಡಬೇಡಿ ಎಂದು ಗದರಿದರು.

ಬುಧವಾರ ಸಂಜೆ ಅಕ್ಕನೇ ಫೋನ್ ಮಾಡಿದಳು. ಎಷ್ಟು ದಿನವಾಗಿತ್ತು!

"ಇವತ್ತು ಎಚ್ಚರವಾಗಿದ್ದೆ ಕಣೋ. ಮೊಮ್ಮಗಳಿಗೆ ಅರ್ಧ ಕಥೆ ಹೇಳ್ದೆ. ಆಮೇಲೆ ನೋವು ಹಿಡ್ಕೊಂಡ್ಬಿಡ್ತು. ಉಳಿದಿದ್ದು ಯಾವಾಗಜ್ಜಿ ಅಂತ ಕೇಳ್ತಾಳೆ. ಏನು ಹೇಳ್ಲೋ?"

ಎಲ್ಲೋ ಲ್ಯಾಬಿನಲ್ಲಿ ಆ ಬಾಗಿಲುಗಳನ್ನೇ ನೋಡುತ್ತಾ ಕೂತವರೇ, ಆ ಮಗುವಿಗೊಂದು ತಾರೀಕು ಹೇಳುತ್ತೀರಾ?