ಗುಡುಗಪ್ಪ ಕೊಂಡ ಪ್ರೀ-ಆಂಪ್

ಯಾವ ಸಭೆಯಾಗಲಿ, ಮೈಕ್ ಹಾಕುವವನು ಗುಡುಗಪ್ಪನೇ. ಆ ಅಡ್ಡಹೆಸರು ಬಿದ್ದದ್ದು ಅವನ ಗಂಟಲಿನಿಂದ. ಮನೆಯ ಪಕ್ಕದ ಶೆಡ್ಡಿನಲ್ಲಿ ನಿಂತು "ಹಲೋ... ಹಲೋ..." ಎಂದು ಮೈಕ್ ಪರೀಕ್ಷಿಸಿದರೆ ಎದುರುಮನೆಯ ಕಿಟಕಿ ಗಾಜು ಅದುರುತ್ತಿತ್ತು. "ನಿಮ್ಮಪ್ಪ ಮಾತಾಡಿದ್ರೆ ಸೊಳ್ಳೆ ಗುಂಯ್ ಅಂದ ಹಾಗಿರ್ತಿತ್ತು. ನಿಂಗೆ ಇದೆಲ್ಲಿಂದ ಬಂತೋ ಮಾರಾಯ?" ಎಂದು ಹಳಬರು ಕಾಲೆಳೆಯುತ್ತಿದ್ದರು. ಅವನೂ ಹೋ ಹೋ ಎಂದು ನಗುತ್ತಿದ್ದ.

ಅವನು ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಸಾಕಿದವಳು ಅವಳ ತಂಗಿ, ಚಿಕ್ಕಮ್ಮ. ಅಮ್ಮನದೆಂದು ಒಂದು ಫೋಟೋ ಕೂಡ ಉಳಿದಿರಲಿಲ್ಲ. ಉಳಿದದ್ದು ಅವಳು ಹಾಡಿದ ಒಂದೇ ಒಂದು ಗ್ರಾಮಫೋನ್ ರೆಕಾರ್ಡು. ಮೀಸೆ ಚಿಗುರುವ ಮೊದಲೇ ಅವನು ಒಂದು ಹಳೆಯ ಪ್ಲೇಯರ್ ಸಂಪಾದಿಸಿ, ಅದರ ವೈರನ್ನು ಸಭೆಗಳ ಆಂಪ್ಲಿಫೈಯರಿನ ಮೈಕ್ ತೂತಿಗೆ ಚುಚ್ಚಿದ್ದ. ಮೈಕಿನವನ ಕಣ್ಣಿಗೆ ಬೀಳುವುದು ಮೈಕಿನ ತೂತೇ ತಾನೆ! ಬುಸ್ಸೆನ್ನುವ ಗದ್ದಲದ ನಡುವೆ ನೂಲಿನೆಳೆಯಂಥ ದನಿಯೊಂದು ಬಂತು. ಆ ದನಿಯಿಂದಲೇ ಅವನು ತನಗೊಬ್ಬ ಅಮ್ಮನನ್ನು ಕಟ್ಟಿಕೊಂಡ. ಬಡಕಲು, ಪುಕ್ಕಲು, ಜೋರಾಗಿ ಕೆಮ್ಮಿದರೂ ಬೆಚ್ಚುವವಳು. ಪಾಪದವಳು ಎಂದು ಎಷ್ಟೋ ಸಲ ಕಣ್ಣೊರೆಸಿಕೊಂಡಿದ್ದ.

ರೆಕಾರ್ಡು ಶುರುವಾದರೆ ಸಾಕು, ಚಿಕ್ಕಮ್ಮ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಸತ್ತ ಅಕ್ಕನ ಮೇಲೂ ಇಷ್ಟೊಂದು ಹೊಟ್ಟೆಕಿಚ್ಚೇ ಎಂದು ಅವನಿಗೆ ಕರುಳು ಚುರುಕ್ಕೆನ್ನುತ್ತಿತ್ತು. ಆದರೆ ಒಮ್ಮೆಯೂ ಅವಳನ್ನು ಕೇಳಿದವನಲ್ಲ. ಅದೇ ಚಿಕ್ಕಮ್ಮ, ಅವನು ಮೈಕ್ ಪರೀಕ್ಷೆ ಮಾಡುವಾಗ ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಶೆಡ್ಡಿನ ಬಾಗಿಲಿಗೆ ಬಂದು, ಮುಗಿಯುವವರೆಗೂ ನಿಂತಿರುತ್ತಿದ್ದಳು. ಮುದುಕಿಗೆ ಗಾಳಿ ಬೇಕಾಗಿರಬೇಕು ಎಂದುಕೊಂಡಿದ್ದ.

ಒಂದು ದಿನ ಆ ಆಂಪ್ಲಿಫೈಯರ್ ಹೊಗೆ ಬಿಟ್ಟು ಕೈಲಾಸ ಸೇರಿತು. "ಅಮ್ಮಂಗೆ ಇನ್ನು ಸಭೆಗೆ ಬಾಡಿಗೆ ಹೋಗೋ ಸಾಮಾನು ಬೇಡ. ಇರೋದ್ರಲ್ಲೇ ಒಳ್ಳೇದು ತರ್ತೀನಿ," ಎಂದು ಅವನು ರೆಕಾರ್ಡನ್ನು ಎದೆಗವಚಿಕೊಂಡು ದೊಡ್ಡ ಅಂಗಡಿಗೆ ಹೋದ. ಕಾಲು ಹೂತುಹೋಗುವಂಥ ನೆಲಹಾಸು, ದಪ್ಪ ಪರದೆ, ಮೇಜಿನ ಮೇಲೆ ಎರಡು ಪ್ರೀ-ಆಂಪ್, ಎಂದರೆ ಪ್ಲೇಯರಿನ ಸಣ್ಣ ದನಿಯನ್ನು ಹದ ಮಾಡಿ ಎಬ್ಬಿಸುವ ಪೆಟ್ಟಿಗೆಗಳು.

"ಎರಡೂ ಒಂದಕ್ಕಿಂತ ಒಂದು ಚೆನ್ನಾಗಿವೆ," ಎಂದರು ಅಂಗಡಿಯವರು. "ಆದ್ರೆ ಇದರೊಳಗೆ ಫೋನೋ ಸ್ಟೇಜ್ ಇದೆ, ಅದರಲ್ಲಿಲ್ಲ."

"ಫೋನೋ ಗೀನೋ ಕಟ್ಕೊಂಡು ನಾನೇನ್ ಮಾಡ್ಲಿ ಸ್ವಾಮಿ? ಮೈಕ್ ತೂತೆಲ್ಲಿದೆ ತೋರಿಸಿ ಸಾಕು."

ಅಂಗಡಿಯವರು ಬಿಟ್ಟ ಬಾಯಿ ಬಿಟ್ಟಂತೆಯೇ ನಿಂತರು. "ಅಯ್ಯೋ ದೇವರೇ! ರೆಕಾರ್ಡನ್ನ ಮೈಕಿಗೆ ಹಾಕಿ ಕೇಳ್ತಿದ್ರಾ? ರೆಕಾರ್ಡು ಕೊರೆಯೋವಾಗ ತಗ್ಗಿನ ಸ್ವರಾನ ಅದುಮಿ, ಮೇಲಿನದನ್ನ ಎಬ್ಬಿಸಿ ಕೊರೀತಾರೆ ಕಣ್ರೀ. ಅದನ್ನ ಮತ್ತೆ ಸರಿ ಮಾಡೋದೇ ಫೋನೋ ಸ್ಟೇಜ್. ನೀವು ಕೇಳಿದ್ದು ಬರೀ ಸಿಪ್ಪೆ!"

ಅವರು ಫೋನೋ ಸ್ಟೇಜಿಗೆ ಜೋಡಿಸಿದ್ದ ಪ್ಲೇಯರಿನಲ್ಲಿ ರೆಕಾರ್ಡು ಹಾಕಿ ಮುಳ್ಳು ಇಳಿಸಿದರು. ನೆಲದಿಂದೆದ್ದು ಬಂದಂಥ ದನಿ. ತುಂಬಿದ, ಗಟ್ಟಿಯಾದ, ಯಾರಪ್ಪನಿಗೂ ಹೆದರದ ಹೆಂಗಸಿನ ದನಿ.

"ಏನ್ರೀ ಇದು! ನನ್ನ ರೆಕಾರ್ಡ್ ಎಲ್ಲಿ? ಯಾರ್ದೋ ಹಾಕಿದ್ದೀರಲ್ಲ!" ಎಂದು ಅವನು ಎದ್ದುನಿಂತು ಕೂಗಾಡಿದ. ಅಷ್ಟರಲ್ಲಿ ಎರಡನೇ ಸಾಲಿಗೆ 'ಟಕ್' ಎಂದಿತು. ಚಿಕ್ಕವನಿದ್ದಾಗ ಅವನೇ ಕೈಜಾರಿಸಿ ಮಾಡಿದ ಗೀರು ಅದು. ಅವನು ಹೌಹಾರಿ ಕುರ್ಚಿಗೆ ಕುಸಿದ. ಇಷ್ಟು ವರ್ಷ ಅತ್ತದ್ದು ಯಾರಿಗಾಗಿ? ಇವಳು ಅಮ್ಮನಾದರೆ ಅವಳು ಯಾರು? ಎರಡರಲ್ಲಿ ಯಾವುದು ಅಮ್ಮ ಎಂದು ಹೇಳಬಲ್ಲ ಜೀವ ಭೂಮಿಯ ಮೇಲೆ ಒಂದೇ ಉಳಿದಿತ್ತು. ಆಟೋ ಹಿಡಿದು ಮನೆಗೆ ಓಡಿದ.

ಚಿಕ್ಕಮ್ಮ ಗೊಣಗುತ್ತಲೇ ಅವನ ಜೊತೆ ಅಂಗಡಿಗೆ ಬಂದಳು. "ಆ ಕೀರಲು ಕೇಳೋಕೆ ನನ್ನನ್ಯಾಕೋ ಇಲ್ಲೀತನಕ ಎಳ್ಕೊಂಡ್ ಬಂದೆ?"

ಮುಳ್ಳು ಇಳಿಯಿತು. ಮೊದಲ ಸಾಲಿಗೇ ಮುದುಕಿ ಅವನ ತೋಳನ್ನು ಉಗುರು ನಾಟುವಂತೆ ಹಿಡಿದಳು. "ಅಕ್ಕಾ!" ಎಂದಳು, ಕೋಣೆಯಲ್ಲಿ ಯಾರೋ ಬಂದು ನಿಂತಿದ್ದಾರೆ ಎನ್ನುವ ಹಾಗೆ. ಹಾಡು ಮುಗಿಯುವವರೆಗೆ ಬಿಕ್ಕಿ ಬಿಕ್ಕಿ ಅತ್ತಳು. ಅಂಗಡಿಯವರು ಮುಖ ಆ ಕಡೆ ತಿರುಗಿಸಿಕೊಂಡರು.

"ಹಾಗಾದ್ರೆ ಮನೇಲಿ ಕೇಳ್ತಿದ್ದಿದ್ದು ಅಮ್ಮನ ದನಿ ಅಲ್ಲ ಅಂತ ನಿಂಗೆ ಗೊತ್ತಿತ್ತಾ? ಯಾಕ್ ಚಿಕ್ಕಮ್ಮ ಹೇಳ್ಲಿಲ್ಲ?"

"ಹೇಗೋ ಹೇಳ್ಲಿ? ನೀನು ಅದನ್ನೇ ಅಮ್ಮ ಅಂತ ತಬ್ಕೊಂಡು ಕೂತಿದ್ದೆ. ಕಿತ್ಕೊಂಡು ಬದಲಿಗೆ ಏನ್ ಕೊಡ್ಲಿ ಅಂತ ಸುಮ್ಮನಿದ್ದೆ. ತಡ್ಕೊಳ್ಳೋಕಾಗದೆ ಹಿತ್ತಲಿಗೆ ಹೋಗ್ತಿದ್ದೆ."

ಗುಡುಗಪ್ಪ ಫೋನೋ ಸ್ಟೇಜ್ ಇದ್ದ ಪೆಟ್ಟಿಗೆಯ ಮೇಲೆ ಕೈಯಿಟ್ಟ. "ಇದೇ ಕೊಡಿ ಸ್ವಾಮಿ. ಇನ್ಮೇಲೆ ದಿನಾ ಕೇಳ್ಬಹುದು ಚಿಕ್ಕಮ್ಮ."

"ತಗೋ, ತಗೋ," ಎಂದು ಅವಳು ಸೆರಗಿನಿಂದ ಮೂಗೊರೆಸಿಕೊಂಡು ಅಳುವಿನಲ್ಲೇ ನಕ್ಕಳು. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ಯಲ್ಲೋ ದಡ್ಡ! ನಾನು ನಿನ್ನ ಶೆಡ್ ಬಾಗಿಲಿಗೆ ಬಂದು ನಿಲ್ತಿದ್ದಿದ್ದು ಯಾಕೆ ಅಂದ್ಕೊಂಡೆ? ನೀನು ಹಲೋ ಅಂದಾಗಲೆಲ್ಲ ಅಕ್ಕ ಕರೆದ ಹಾಗಾಗ್ತಿತ್ತು ಕಣೋ."

ಗುಡುಗಪ್ಪ ಏನೋ ಹೇಳಲು ಬಾಯಿ ತೆರೆದ. ಈಗ ಹೊರಗೆ ಬರುವುದು ಅಮ್ಮನ ದನಿ ಎಂದು ಹೊಳೆದು, ಮತ್ತೆ ಬಾಯಿ ಮುಚ್ಚಿಕೊಂಡ.