ಗುರುಪಾದಪ್ಪನವರ ಅಂಗೈ

ವಿಶಾಖಪಟ್ಟಣದ ಟೌನ್‌ಶಿಪ್ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ, ಕಾರ್ಖಾನೆಯ ಇಂಜಿನಿಯರ್ ಧಾರವಾಡದ ಗುರುಪಾದಪ್ಪನವರು ತಮ್ಮ ನಿಧಾನದ ವ್ಯಾಯಾಮದಲ್ಲಿ ಒಂದು ಕೈ ಎತ್ತುವಷ್ಟರಲ್ಲಿ ಹಾಲಿನವನು ಒಂದು ಬೀದಿ ಮುಗಿಸಿರುತ್ತಾನೆ. ಜೊತೆಗೆ ನಿಂತವರಿಗೆ ಅವರದು ಒಂದೇ ಮಾತು: “ಅವಸರ ಬ್ಯಾಡ್ರಿ, ಭುಜ ಏನಂತೈತಿ ಕೇಳ್ರಿ.” ಬ್ಯಾಂಕಿನ ಸಾಲಿನಲ್ಲಿ ಬಿಗಿದುಕೊಂಡು ನಿಂತ ಅಪರಿಚಿತರ ಭುಜವನ್ನೂ “ಕೊಂಚೆಂ ದಿಂಚಂಡಿ” ಎಂದು ತೆಲುಗಿನಲ್ಲಿ ಹೇಳಿ ಮೆಲ್ಲನೆ ಕೆಳಗಿಳಿಸುತ್ತಾರೆ. “ಮದುವಿ ಪಂಕ್ತ್ಯಾಗೂ ಬಿಡಾಂಗಿಲ್ರಿ ಇವರು” ಎನ್ನುವುದು ಪತ್ನಿ ಸುಶೀಲಾ ಅವರ ದೂರು. ಬೇರಿಂಗ್ ಮೇಲೆ ಅಂಗೈಯಿಟ್ಟು, ಬಿಸಿಯಿಂದಲೇ ಯಂತ್ರದ ಕಾಯಿಲೆ ಹೇಳುವ ಈ ಮನುಷ್ಯನಿಗೆ ಎಂಬತ್ತೊಂಬತ್ತನೇ ಇಸವಿಯಲ್ಲಿ ಮೂರು ದಿನ ಕಾಡಿದ ತನ್ನದೇ ಎದೆನೋವು ಲೆಕ್ಕಕ್ಕೆ ಬಂದಿರಲಿಲ್ಲ. ಆಸ್ಪತ್ರೆಯವರು ಹೇಗೋ ಉಳಿಸಿಕೊಟ್ಟರು. ಅಂದಿನಿಂದ ದಿನವೂ ವ್ಯಾಯಾಮದ ಕೊನೆಗೆ ಅದೇ ಅಂಗೈಯನ್ನು ಎದೆಯ ಮೇಲಿಟ್ಟು ಕಣ್ಣು ಮುಚ್ಚಿ ಹೃದಯಕ್ಕೆ ಹೇಳುತ್ತಾರೆ: “ಮೂರೂ ಶಿಫ್ಟು ನೀ ಒಬ್ಬನೇ ಮಾಡ್ತಿ. ಇವತ್ತೂ ಕೆಲಸಕ್ಕ ಬಂದಿ, ಉಪಕಾರ ಆತಪಾ.”